ಪಾಯಿಂಟ್ ಹಿಡಿಯದ ಖಾನೆ

ನಮ್ಮೂರಿನಲ್ಲಿ ಮಳೆ ಬರುವುದು ಸಂಜೆ ಆರು ಗಂಟೆಗೆ, ಭಾನುವಾರವೊಂದನ್ನು ಬಿಟ್ಟು. ಐದೂವರೆಗೆ ನಾನು ಗೋಪುರದ ಮೇಲಿನ ಕೋಣೆಯಲ್ಲಿ ಕೂತು ಆ ದಿನದ ಅಳತೆಯನ್ನು ಕಂಪ್ಯೂಟರಿನ ಫೈಲಿಗೆ ತುಂಬುತ್ತೇನೆ. ಆರಕ್ಕೆ ಸರಿಯಾಗಿ ಅಷ್ಟು ಮಳೆ ಊರಿನ ಮೇಲೆ ಬೀಳುತ್ತದೆ. ಹೊರಗಿನಿಂದ ಬಂದವರು ಇದನ್ನು ಕೇಳಿ ಹುಬ್ಬೇರಿಸುತ್ತಾರೆ. ಒಂದು ಸಲ ತೊಯ್ದ ಮೇಲೆ ಅವರೂ ಐದೂ ಮುಕ್ಕಾಲಿಗೆ ಗಡಿಯಾರ ನೋಡಲು ಕಲಿಯುತ್ತಾರೆ.

ನಾನು ಹೇಳಹೊರಟಿರುವುದು ಮೂರು ವರ್ಷದ ಹಿಂದಿನ ಸಂಗತಿ. ಆಗ ಫೈಲಿನಲ್ಲಿ ಮಳೆಯ ಖಾನೆ ಪೂರ್ಣಾಂಕದ್ದಾಗಿತ್ತು. ಒಂದು, ಎರಡು, ಐದು, ಇಂಥ ಇಡೀ ಅಂಕಿಗಳನ್ನಷ್ಟೇ ಹಿಡಿಯುತ್ತಿತ್ತು. ಎರಡು ಪಾಯಿಂಟ್ ಏಳು ಸೆಂಟಿಮೀಟರ್ ಎಂದು ಒತ್ತಿದರೆ ಎರಡನ್ನು ಇಟ್ಟುಕೊಂಡು ಪಾಯಿಂಟ್ ಏಳನ್ನು ನುಂಗಿಬಿಡುತ್ತಿತ್ತು. ಹಾಗಾಗಿ ಊರಿಗೂ ಮಳೆ ಇಡಿಯಾಗಿಯೇ ಬೀಳುತ್ತಿತ್ತು. ಒಂದು ಸೆಂಟಿಮೀಟರ್ ಅಂದರೆ ಒಂದು ಏಟು. ಮೇಲಿಂದ ಯಾರೋ ಹಂಡೆಯನ್ನು ಬೋರಲು ಹಾಕಿದ ಹಾಗೆ ದಬ್ ಎಂದು ಬಿದ್ದು, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಾಗಿ, ಆಮೇಲೆ ಎರಡನೆಯ ಏಟು. ಮುಗಿದ ಮೇಲೆ ಆಕಾಶ ತೊಳೆದಿಟ್ಟ ತಟ್ಟೆಯಂತೆ ಇರುತ್ತಿತ್ತು.

ಜನ ಅದಕ್ಕೆ ತಕ್ಕ ಹಾಗೆ ಬದುಕು ಹೊಂದಿಸಿಕೊಂಡಿದ್ದರು. ಊರಿನಲ್ಲಿ ಹೆಂಚಿನ ಮನೆ ಒಂದೂ ಇರಲಿಲ್ಲ, ಏಟಿಗೆ ಹೆಂಚು ನಿಲ್ಲುವುದಿಲ್ಲ. ಎಲ್ಲರ ಅಂಗಳದಲ್ಲೂ ಚಪ್ಪಡಿ ಕಲ್ಲು. ಕೊಡೆಯನ್ನು ಬಿಸಿಲಿಗೆ ಮಾತ್ರ ಹಿಡಿಯುತ್ತಿದ್ದರು. ಆರಾಗುತ್ತಿದ್ದಂತೆ ಎಲ್ಲರೂ ಜಗಲಿಯ ಒಳಗೆ ನಿಂತು ಏಟುಗಳನ್ನು ಗಟ್ಟಿಯಾಗಿ ಎಣಿಸುತ್ತಿದ್ದರು, "ಒಂದೂ! ಎರಡೂ!" ಎಂದು ಬೀದಿಯ ಈ ತುದಿಯಿಂದ ಆ ತುದಿಯವರೆಗೆ. ಹಸುಗಳು ಕೂಡ ಹೊತ್ತಿಗೆ ಮುಂಚೆ ತಾವಾಗಿಯೇ ಕೊಟ್ಟಿಗೆ ಸೇರುತ್ತಿದ್ದವು. ಮದುವೆ, ಮುಂಜಿ, ನಾಮಕರಣ ಏನಿದ್ದರೂ ಭಾನುವಾರವೇ. ಗೋಪುರಕ್ಕೆ ಅಂದು ರಜೆ, ಅಳತೆ ಇಲ್ಲ, ಮಳೆಯೂ ಇಲ್ಲ.

ಗೋಪುರದ ತಾರಸಿಗೆ ಮಾತ್ರ ಈ ನಿಯಮವಿಲ್ಲ. ಆಕಾಶದಲ್ಲಿ ಎಷ್ಟಿದೆಯೋ ಅಷ್ಟು, ಬಂದ ಹೊತ್ತಿಗೆ, ಬಂದ ಹಾಗೆ ಅಲ್ಲಿಗೆ ಇಳಿಯುತ್ತದೆ. ಅಲ್ಲಿರುವ ಮಳೆಮಾಪಕದಿಂದ ನೀರನ್ನು ಗೀಟು ಹಾಕಿದ ಗಾಜಿನ ಕೊಳವೆಗೆ ಸುರಿದು ಅಳೆಯುವುದು ನನ್ನ ಕೆಲಸ. ನನಗಿಂತ ಮುಂಚೆ ಮೂವತ್ತೊಂದು ವರ್ಷ ಆ ಕೆಲಸ ಮಾಡಿದವರು ಗುರುಪಾದಯ್ಯನವರು. ನನ್ನನ್ನು ತಯಾರು ಮಾಡಿದವರೂ ಅವರೇ. ಗೀಟಿನ ಮಟ್ಟಕ್ಕೆ ಕಣ್ಣು ತಂದು, ಉಸಿರು ಹಿಡಿದು, ಪಾಯಿಂಟಿನವರೆಗೆ ಓದುವುದನ್ನು ಅವರು ನನಗೆ ಬೈದು ಬೈದು ಕಲಿಸಿದರು. ಫೈಲು ಹಿಡಿಯದಿದ್ದರೆ ಬೇಡ ಎಂದು ಓದಿದ ಅಳತೆಯನ್ನು ಪೂರ್ತಿಯಾಗಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದರು. ಮಂಡಿನೋವು ಹೆಚ್ಚಾಗಿ ನೂರ ಮೂವತ್ತೆರಡು ಮೆಟ್ಟಿಲು ಹತ್ತಲಾಗದೆ ನಿವೃತ್ತರಾದ ಮೇಲೂ ಬಿಡಲಿಲ್ಲ. ದಿನಾ ಸಂಜೆ ನಾನು ಅವರ ಮನೆಯ ಮುಂದೆ ಹಾದುಹೋಗುವಾಗ ಜಗಲಿಯಲ್ಲಿ ಕಾಯುತ್ತಿರುತ್ತಿದ್ದರು.

"ಎಷ್ಟಮ್ಮಾ ಪದ್ಮಾ ಇವತ್ತು?"

"ಎರಡು ಪಾಯಿಂಟ್ ಏಳು, ಸಾರ್."

"ಪಾಯಿಂಟ್ ಏಳು!" ಎಂದು ಅವರು ಪಾಯಸ ಕುಡಿದವರಂತೆ ಮುಖ ಮಾಡುತ್ತಿದ್ದರು.

ಆಗ ಒಳಗಿನಿಂದ ಅವರ ಹೆಂಡತಿ ಶಾಂತವೀರಮ್ಮನವರ ದನಿ. "ಎರಡೇ ಬಿದ್ದದ್ದು. ನಾನೇ ಎಣಿಸಿದೀನಿ."

ಅವರಿಬ್ಬರ ನಡುವೆ ಇದು ಹಳೆಯ ಜಗಳ. ಗೋಪುರದ ಮೇಲೆ ತುಂತುರು ಅಂತ ಒಂದು ಬರುತ್ತದೆ, ಅದು ಏಟಲ್ಲ, ಮೈಮೇಲೆ ಬಿದ್ದರೂ ಬಿದ್ದದ್ದು ಗೊತ್ತಾಗುವುದಿಲ್ಲ ಎಂದು ಮದುವೆಯಾದ ಹೊಸತರಲ್ಲಿ ಗುರುಪಾದಯ್ಯನವರು ಹೆಂಡತಿಗೆ ಹೇಳಿದ್ದರು. ಮೈಮೇಲೆ ಬಿದ್ದರೂ ಗೊತ್ತಾಗದ ಮಳೆಯನ್ನು ಮಳೆ ಅಂತ ಹೇಗೆ ಅನ್ನುತ್ತೀರಿ ಎಂದು ಆಕೆ ಕೇಳಿದ್ದರು. ಎತ್ತರ ಅಂದರೆ ಆಕೆಗೆ ತಲೆಸುತ್ತು. ಹತ್ತನೆಯ ಮೆಟ್ಟಿಲಿಗೇ ಕೂತುಬಿಡುತ್ತಿದ್ದರು. ಒಮ್ಮೆ ಇವರು ಒಂದು ಸೀಸೆಯಲ್ಲಿ ಹಿಡಿದು ತಂದು, "ನೋಡು, ಇದೇ ತುಂತುರು" ಎಂದು ಮುಂದೆ ಹಿಡಿದರಂತೆ. ಆಕೆ ಸೀಸೆಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಇದು ನೀರು" ಅಂದರಂತೆ.

ಈ ಹಳೆಯ ವ್ಯಾಜ್ಯಕ್ಕೆ ನನ್ನನ್ನು ಎಳೆದವಳು ಜೈತುನ್‌ಬಿ. ಬಸ್‌ಸ್ಟ್ಯಾಂಡಿನ ಹಿಂದೆ ಒಂದಿಷ್ಟು ಜಾಗದಲ್ಲಿ ತರಕಾರಿ ಬೆಳೆಯುವಾಕೆ. ವಯಸ್ಸು ಐವತ್ತು ದಾಟಿದೆ, ನಡಿಗೆ ಮಾತ್ರ ಇಪ್ಪತ್ತರದ್ದು. ನಮ್ಮೂರಿನಲ್ಲಿ ಕುಂಬಳ, ಸೋರೆ, ಬದನೆ ಚೆನ್ನಾಗಿ ಬರುತ್ತಿದ್ದವು, ಏಟು ತಿಂದರೂ ಎದ್ದು ನಿಲ್ಲುವ ಜಾತಿ. ಸೊಪ್ಪು ಬರುತ್ತಿರಲಿಲ್ಲ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆಯೆಲ್ಲ ಪಕ್ಕದೂರಿನಿಂದ ಬಸ್ಸಿನ ಟಾಪಿನ ಮೇಲೆ ಬಾಡಿಕೊಂಡು ಬರುತ್ತಿತ್ತು. ಜೈತುನ್‌ಬಿಗೆ ಇದು ಅವಮಾನ. ವರ್ಷ ವರ್ಷವೂ ಬಿತ್ತುತ್ತಿದ್ದಳು, ಒಂದೇ ಏಟಿಗೆ ಬೀಜವೆಲ್ಲ ಚರಂಡಿ ಸೇರುತ್ತಿತ್ತು.

ಒಂದು ಮಧ್ಯಾಹ್ನ ಆಕೆ ಏದುಸಿರು ಬಿಡುತ್ತ ಗೋಪುರ ಹತ್ತಿ ಬಂದು ನನ್ನ ಮೇಜಿನ ಮೇಲೆ ಸೆರಗು ಬಿಚ್ಚಿದಳು. ಕೆಸರಿನ ಸಮೇತ ಒಂದು ಹಿಡಿ ಮೆಂತ್ಯದ ಸಸಿ.

"ನೋಡಿ ಪದ್ಮಾಕ್ಷಮ್ಮ, ನಿನ್ನೆ ನೀವು ಮೂರು ಹೊಡೆದಿರಲ್ಲ, ಅದರ ಪ್ರತಾಪ. ಚರಂಡಿಯಿಂದ ಆರಿಸಿಕೊಂಡು ಬಂದಿದೀನಿ."

"ಬಂದಷ್ಟು ತುಂಬಿದೆ ಜೈತುನಮ್ಮ. ನಾನೇನು ಮಾಡಲಿ?"

"ಬಂದಷ್ಟು ಅಂದ್ರೆ ಎಷ್ಟು ಅಂತ ನಾನೂ ಒಂದು ಸಲ ನೋಡ್ತೀನಿ, ತೋರ್ಸಿ."

ಅಳತೆಯ ಹೊತ್ತು ಹತ್ತಿರವಾಗಿತ್ತು. ಅವಳನ್ನು ಕರೆದುಕೊಂಡು ತಾರಸಿಯ ಬಾಗಿಲು ತೆರೆದೆ. ಹೊರಗೆ ತುಂತುರು ಹನಿಯುತ್ತಿತ್ತು. ಜೈತುನ್‌ಬಿ ಹೊಸಿಲಿನಲ್ಲೇ ನಿಂತುಬಿಟ್ಟಳು. ಆಮೇಲೆ ಕೈ ಚಾಚಿದಳು, ಹಿಂದಕ್ಕೆ ಎಳೆದುಕೊಂಡಳು, ಮತ್ತೆ ಚಾಚಿದಳು.

"ಹೊಡೀತಾನೇ ಇಲ್ವಲ್ಲಮ್ಮ ಇದು!" ಅಂದಳು. ಸೆರಗಿನಲ್ಲಿದ್ದ ಸಸಿಗಳನ್ನು ಹನಿಯ ಕೆಳಗೆ ಹಿಡಿದು ನಿಂತಳು. ಒಂದು ಎಲೆಯೂ ಬಾಗಲಿಲ್ಲ. "ಇಂಥದ್ದನ್ನ ಮೇಲೆ ಇಟ್ಟುಕೊಂಡು ಕೆಳಗೆ ನಮಗೆ ಹಂಡೆ ಹಂಡೆ ಸುರೀತೀರಾ?"

ನಾನು ಕೊಳವೆಗೆ ನೀರು ಸುರಿದು ತೋರಿಸಿದೆ. ಪಾಯಿಂಟ್ ಆರು. ಒಳಗೆ ಬಂದು ಖಾನೆಗೆ ಒತ್ತಿದೆ. ಖಾನೆಯಲ್ಲಿ ಸೊನ್ನೆ ಮೂಡಿತು.

"ಅಯ್ಯೋ, ನುಂಗಿಬಿಡ್ತು!"

"ಇದು ಪೂರ್ಣಾಂಕದ ಖಾನೆ. ಪಾಯಿಂಟ್ ಹಿಡಿಯಲ್ಲ."

ಅವಳು ಪರದೆಯ ಮೇಲೆ ಬಾಗಿ ಪಕ್ಕದ ಖಾನೆಗೆ ಬೆರಳಿಟ್ಟಳು. "ಇದರಲ್ಲಿ ಇಪ್ಪತ್ತಾರು ಪಾಯಿಂಟ್ ನಾಲ್ಕು ಅಂತಿದೆಯಲ್ಲ?"

"ಅದು ಬಿಸಿಲಿನದು. ಅದನ್ನ ಮೊದಲೇ ದಶಮಾಂಶದ ಖಾನೆ ಅಂತ ಮಾಡಿದಾರೆ."

"ಬಿಸಿಲಿಗೆ ಪಾಯಿಂಟ್ ಇದೆ, ಮಳೆಗಿಲ್ಲ. ಇದು ಯಾರು ಮಾಡಿದ ನ್ಯಾಯ?" ಅಂದಳು ಜೈತುನ್‌ಬಿ. ಮೂರು ವರ್ಷದಿಂದ ಆ ಎರಡು ಖಾನೆಗಳನ್ನು ದಿನಾ ಅಕ್ಕಪಕ್ಕದಲ್ಲಿ ನೋಡಿದ್ದ ನನಗೆ ಈ ಪ್ರಶ್ನೆ ಒಂದು ದಿನವೂ ಹೊಳೆದಿರಲಿಲ್ಲ.

ಅವತ್ತು ಸಂಜೆ ಗುರುಪಾದಯ್ಯನವರ ಜಗಲಿಯಲ್ಲಿ ಕೂತು ವಿಷಯ ಹೇಳಿದೆ. ಅವರು ಮಂಡಿ ತಿಕ್ಕಿಕೊಳ್ಳತೊಡಗಿದರು.

"ನನಗೂ ಎಷ್ಟೋ ಸಲ ಅನ್ನಿಸಿದೆ. ಕೈ ಬರಲಿಲ್ಲ. ಹನ್ನೆರಡು ಸಾವಿರ ದಿನದ ಅಂಕಿ ಇದೆ ಅದರಲ್ಲಿ. ಖಾನೆ ಬದಲಿಸೋವಾಗ ಒಂದು ಜಾರಿದರೂ ಆ ದಿನವೇ ಹುಟ್ಟಲಿಲ್ಲ ಅಂದ ಹಾಗೆ."

"ನಕಲು ಇಟ್ಟುಕೊಂಡೇ ಮಾಡ್ತೀನಿ ಸಾರ್."

"ಮಾಡಮ್ಮ, ಮಾಡು" ಅಂದರು ಶಾಂತವೀರಮ್ಮನವರು ಅಕ್ಕಿ ಆರಿಸುತ್ತಿದ್ದ ಮೊರದಿಂದ ತಲೆಯೆತ್ತದೆ. "ತುಂತುರು ಅಂತ ಒಂದಿದೆಯೋ ಇಲ್ಲವೋ ಇತ್ಯರ್ಥ ಆಗಿಹೋಗಲಿ."

ಸುದ್ದಿ ಊರಿಗೆಲ್ಲ ಹಬ್ಬಲು ಒಂದು ದಿನ ಸಾಕಾಯಿತು. ಹೆಚ್ಚಿನವರಿಗೆ ಕುತೂಹಲ. ಕಮಲಾಬಾಯಿಗೆ ಮಾತ್ರ ಸಿಟ್ಟು. ಆಕೆ ಹಪ್ಪಳ ಮಾಡಿ ಸುತ್ತಲಿನ ಊರಿಗೆಲ್ಲ ಕಳಿಸುವಾಕೆ, ಆಕೆಯ ತಾರಸಿಯ ಮೇಲೆ ದಿನಾ ಸಾವಿರ ಹಪ್ಪಳ ಒಣಗುತ್ತಿದ್ದವು. ಗೋಪುರದ ಬಾಗಿಲಿಗೇ ಬಂದು ನನ್ನನ್ನು ತಡೆದು ನಿಲ್ಲಿಸಿದಳು.

"ಈಗ ಆರಕ್ಕೆ ಎರಡು ಅಂದ್ರೆ ಎರಡು ಬಿದ್ದು ಮುಗೀತು. ನಿನ್ನ ಪಾಯಿಂಟು ಎಷ್ಟು ಹೊತ್ತು ಬೀಳುತ್ತೆ?"

"ಅರ್ಧ ಗಂಟೆ ಬೀಳಬಹುದು."

"ಅರ್ಧ ಗಂಟೆ ನೀರು ಗಾಳಿಯಲ್ಲೇ ನಿಂತರೆ ಒಳಗಿಟ್ಟ ಹಪ್ಪಳವೂ ಮೆತ್ತಗಾಗುತ್ತೆ. ಮೆತ್ತಗಾದ ಹಪ್ಪಳ ನೀನು ತಗೋತೀಯಾ? ಭಾನುವಾರ ನಮ್ಮ ವೈಜಯಂತಿ ಮದುವೆ, ಅದೊಂದು ಮುಗಿಯೋವರೆಗಾದರೂ ಏನೂ ಮುಟ್ಟಬೇಡ ತಾಯಿ."

"ಭಾನುವಾರ ಮಳೆಯೇ ಇಲ್ಲವಲ್ಲ ಕಮಲಾಬಾಯಿ. ಮದುವೆಗೆ ಏನೂ ಆಗಲ್ಲ" ಎಂದು ನಾನು ಧೈರ್ಯ ಹೇಳಿದೆ. ಆ ಮಾತನ್ನು ಆಮೇಲೆ ಊರಿನವರು ನನಗೆ ಬಹಳ ಸಲ ನೆನಪಿಸಿದ್ದಾರೆ.

ಶನಿವಾರ ಕೂತು ಕೆಲಸ ಮಾಡಿದೆ. ಇದ್ದ ಖಾನೆಯನ್ನೇ ಹಿಗ್ಗಿಸುವುದು ಆಗುವುದಿಲ್ಲ. ಪಕ್ಕದಲ್ಲಿ ದಶಮಾಂಶದ ಹೊಸ ಖಾನೆ ತೆರೆದು, ಹಳೆಯದರಲ್ಲಿದ್ದ ಅಂಕಿಗಳನ್ನೆಲ್ಲ ಅದಕ್ಕೆ ದಾಟಿಸಿ, ತಾಳೆ ನೋಡಿ, ಹಳೆಯದನ್ನು ತೆಗೆದು, ಅದರ ಹೆಸರನ್ನು ಹೊಸದಕ್ಕೆ ಇಡಬೇಕು. ಮೂರು ಇದ್ದದ್ದು ಮೂರು ಪಾಯಿಂಟ್ ಸೊನ್ನೆಯಾಯಿತು, ಐದು ಇದ್ದದ್ದು ಐದು ಪಾಯಿಂಟ್ ಸೊನ್ನೆ. ಹನ್ನೆರಡು ಸಾವಿರ ಅಂಕಿಗೂ ಒಂದೊಂದು ಬಾಲ ಹುಟ್ಟಿತು. ಒಂದೂ ಜಾರಲಿಲ್ಲ. ಎರಡು ಸಲ ತಾಳೆ ನೋಡಿದೆ. ಅವತ್ತು ಆಕಾಶ ಶುಭ್ರವಾಗಿತ್ತು, ಅಳತೆ ಸೊನ್ನೆ, ಆರು ಗಂಟೆಗೆ ಏನೂ ಬೀಳಲಿಲ್ಲ. ನಕಲನ್ನು ಬೀರುವಿನಲ್ಲಿಟ್ಟು, ಬೀಗ ಹಾಕಿ, ಮರುದಿನ ಮದುವೆಗೆ ಯಾವ ಸೀರೆ ಉಡಲಿ ಎಂದು ಯೋಚಿಸುತ್ತ ಮನೆಗೆ ಹೋದೆ.

ವೈಜಯಂತಿಯ ಮದುವೆ ಚೆನ್ನಾಗಿಯೇ ನಡೆಯಿತು. ಮನೆಯ ಹಿಂದಿನ ಬಯಲಿನಲ್ಲಿ ಊಟದ ಸಾಲು, ಅದರಾಚೆ ಕಲ್ಲಿನ ಒಲೆಗಳ ಮೇಲೆ ದೊಡ್ಡ ದೊಡ್ಡ ಕೊಳಗಗಳಲ್ಲಿ ಸಂಜೆಯ ಅಡುಗೆ. ಭಾನುವಾರವಾದ್ದರಿಂದ ಯಾರಿಗೂ ಆರು ಗಂಟೆಯ ಗೊಡವೆ ಇಲ್ಲ. ಕಮಲಾಬಾಯಿ ತಾರಸಿಯ ಮೇಲೆ ಹರಡಿದ ಹಪ್ಪಳವನ್ನೂ ಎತ್ತಿರಲಿಲ್ಲ. ಹುಡುಗಿಯನ್ನು ಗಂಡಿನ ಮನೆಯವರಿಗೆ ಒಪ್ಪಿಸಿಕೊಡುವ ಶಾಸ್ತ್ರ ನಡೆದಿತ್ತು. ಬಾಯಿಜೋರಿನ ಕಮಲಾಬಾಯಿ ಮಗಳ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ನಾನು ಬಯಲಿನಲ್ಲಿ ಗುರುಪಾದಯ್ಯ ದಂಪತಿಗಳ ಪಕ್ಕ ಎಲೆಯ ಮುಂದೆ ಕೂತಿದ್ದೆ.

ಆರು ಹೊಡೆಯಿತು. ದಬ್ ಅನ್ನಲಿಲ್ಲ. ಸುರ್ರ್ ಎಂದು ಏನೋ ಮೇಲಕ್ಕೆ ಹೀರಿದ ಹಾಗಾಯಿತು. ನನ್ನ ಎಲೆಯ ಪಕ್ಕದ ಲೋಟದಿಂದ ನೀರು ಜಿಗಿದು ಆಕಾಶಕ್ಕೆ ಹೋಯಿತು. ಬಡಿಸುವವನ ಕೈಯಲ್ಲಿದ್ದ ಮಜ್ಜಿಗೆ ಹೋಯಿತು. ಹಿತ್ತಲ ಅಂಗಳದಲ್ಲಿ ನಿಂತಿದ್ದ ಕಮಲಾಬಾಯಿಯ ಕೆನ್ನೆಯ ಮೇಲಿನ ಕಣ್ಣೀರು ಹನಿಹನಿಯಾಗಿ ಹಣೆಯ ಮೇಲಿಂದ ಹಾದು ಮೇಲೆದ್ದಿತು. ಆಕೆ ಅಳುವುದನ್ನು ನಿಲ್ಲಿಸಿ ಬಾಯಿ ತೆರೆದುಕೊಂಡು ಅದನ್ನೇ ನೋಡಿದಳು.

"ಒಂದೂ!" ಎಂದು ಯಾರೋ ಅಭ್ಯಾಸಬಲದಿಂದ ಕೂಗಿದರು. ಹತ್ತು ಎಣಿಸುವಷ್ಟು ಹೊತ್ತು ಕಳೆದು ಮತ್ತೆ ಸುರ್ರ್ ಅಂದಿತು. "ಎರಡೂ!" ಅಡುಗೆಯವನು ಕೊಳಗದೊಳಗೆ ಇಣುಕಿ, "ಅಯ್ಯಯ್ಯೋ, ಸಾರು ಹೋಯ್ತು! ಬರೀ ಸಾರಿನ ಪುಡಿ ಉಳಿದಿದೆ!" ಎಂದು ಬೊಬ್ಬೆ ಹಾಕಿದ.

ಗುರುಪಾದಯ್ಯನವರು ನನ್ನ ತೋಳು ಹಿಡಿದರು. "ಪದ್ಮಾ! ಭಾನುವಾರದ ಮೈನಸ್ ತೊಂಬತ್ತೊಂಬತ್ತು! ಹೊಸ ಖಾನೆಗೆ ಚೀಟಿ ಅಂಟಿಸಿದ್ಯಾ?"

ಭಾನುವಾರ ಅಳೆಯಲು ಯಾರೂ ಇರುವುದಿಲ್ಲವಲ್ಲ. ಖಾನೆ ಖಾಲಿ ಬಿಡಬಾರದೆಂದು ಕಂಪ್ಯೂಟರು ಐದೂವರೆಗೆ ತಾನಾಗಿಯೇ ಮೈನಸ್ ತೊಂಬತ್ತೊಂಬತ್ತು ಎಂದು ತುಂಬಿಕೊಳ್ಳುತ್ತದೆ. ಅದು ಅಳತೆಯಲ್ಲ, ಅಳತೆ ಇಲ್ಲ ಎನ್ನುವುದಕ್ಕೆ ಗುರುತು. ಹಾಗೆಂದು ಹೇಳುವ ಒಂದು ಸಾಲಿನ ಟಿಪ್ಪಣಿ ಹಳೆಯ ಖಾನೆಗೆ ಅಂಟಿಕೊಂಡಿತ್ತು. ನಾನು ಅಂಕಿಗಳನ್ನು ದಾಟಿಸಿದ್ದೆ, ಟಿಪ್ಪಣಿಯನ್ನು ದಾಟಿಸಿರಲಿಲ್ಲ. ಹೊಸ ಖಾನೆ ಅದನ್ನು ನಿಜವಾದ ಮಳೆ ಅಂದುಕೊಂಡಿತ್ತು. ಅದೂ ಮೈನಸ್ಸು.

ತೊಂಬತ್ತೊಂಬತ್ತೂ ಹೀರಿದರೆ ಊರಿನ ಬಾವಿಗಳಲ್ಲಿ ಕೆಸರೂ ಉಳಿಯುವುದಿಲ್ಲ. ಎದ್ದವಳೇ ಓಡಿದೆ. ರೇಷ್ಮೆ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿಕೊಂಡು, ಕೈತೊಳೆಯದೆ, ಚಪ್ಪಲಿ ಇಲ್ಲದೆ. ಹಿಂದೆ ಯಾರೋ ದಡದಡ ಬಂದರು, ನೋಡಿದರೆ ಜೈತುನ್‌ಬಿ. "ನೀವು ಓಡಿ, ಆ ಗೋಪುರದ ಬಾಗಿಲು ಬಿಗಿ, ನಾನು ತಳ್ತೀನಿ!" ಬೀದಿಯಲ್ಲಿ ಒಣಹಾಕಿದ ಬಟ್ಟೆಗಳೆಲ್ಲ ಹಲಗೆಯಂತೆ ಸೆಟೆದು ನಿಂತಿದ್ದವು. ಚೌಕದ ಬಾವಿಯಿಂದ ಪ್ರತಿ ಎಳೆತಕ್ಕೂ ನೀರಿನ ಕಂಬವೊಂದು ಎದ್ದು ಮೋಡ ಸೇರುತ್ತಿತ್ತು. ತೊಟ್ಟಿಯ ಮುಂದೆ ನಿಂತಿದ್ದ ಎಮ್ಮೆಯೊಂದು ಕುಡಿಯಲು ಬಾಯಿ ಹಾಕಿದಾಗಲೆಲ್ಲ ನೀರು ಅದರ ಮೂಗಿನ ಮುಂದೆಯೇ ಹಾರಿಹೋಗುತ್ತಿತ್ತು. ಹಿಂದಿನಿಂದ ಮದುವೆಮನೆಯವರ ಎಣಿಕೆ ಕೇಳುತ್ತಲೇ ಇತ್ತು, "ಹದಿನೇಳೂ! ಹದಿನೆಂಟೂ!" ಮೈಮೇಲಿನ ಬೆವರೂ ಮೇಲಕ್ಕೆ ಹಾರಿಹೋಗುತ್ತಿತ್ತು, ಅದೊಂದೇ ಉಪಕಾರ.

ನೂರ ಮೂವತ್ತೆರಡು ಮೆಟ್ಟಿಲುಗಳಲ್ಲಿ ಮೊದಲ ಅರವತ್ತನ್ನು ನಾನು ಹತ್ತಿದೆ. ಉಳಿದದ್ದನ್ನು ಜೈತುನ್‌ಬಿ ಹಿಂದಿನಿಂದ ಬೆನ್ನಿಗೆ ಕೈಕೊಟ್ಟು ಹತ್ತಿಸಿದಳು. ಕಂಪ್ಯೂಟರಿನ ಪರದೆ ಹೊತ್ತಿಕೊಳ್ಳುವಷ್ಟರಲ್ಲಿ ಮೂರು ಎಳೆತ ಆಗಿಹೋಯಿತು. ಫೈಲು ತೆರೆದು, ಮಳೆಯ ಖಾನೆಗೆ ಒಂದು ಸಾಲು ಸೇರಿಸಿದೆ. ಮೈನಸ್ ತೊಂಬತ್ತೊಂಬತ್ತು ಅಂದರೆ ಅಳತೆ ಇಲ್ಲ. ಉಳಿಸು ಎಂದು ಒತ್ತಿದೆ.

ಇಬ್ಬರೂ ಹತ್ತರವರೆಗೆ ಎಣಿಸಿದೆವು. ಮತ್ತೆ ಹತ್ತು. ಏನೂ ಆಗಲಿಲ್ಲ. ಕಿಟಕಿಯಿಂದ ಮದುವೆಮನೆಯ ಕಡೆಯ ಕೊನೆಯ ಕೂಗು ತೇಲಿಬಂದಿತ್ತು, "ನಲವತ್ತೊಂದೂ!" ಜೈತುನ್‌ಬಿ ನೆಲದ ಮೇಲೆ ಕಾಲು ಚಾಚಿ ಕೂತು ನಗಲು ಶುರುಮಾಡಿದಳು. ನನಗೆ ಅಳು ಬಂತು. ಕಣ್ಣೀರು ಕೆಳಗೇ ಇಳಿಯಿತು.

ಸೋಮವಾರ ಬೆಳಿಗ್ಗೆ ಚೌಕದ ಬಾವಿಯ ಕಟ್ಟೆಯ ಸುತ್ತ ಊರು ಸೇರಿತು. ನೀರು ಎರಡಾಳು ಕೆಳಗಿಳಿದಿತ್ತು. ಇದ್ದ ಹಗ್ಗಕ್ಕೆ ಎಲ್ಲರೂ ಮನೆಯಿಂದ ಹಗ್ಗ ತಂದು ಗಂಟು ಹಾಕುತ್ತಿದ್ದರು. ನಾನು ಎದ್ದು ನಿಂತು ತಪ್ಪು ನನ್ನದು ಎಂದು ಹೇಳಿದೆ. ಏನು ಮರೆತೆ, ಹೇಗೆ ಮರೆತೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ಯಾರೂ ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಎಲ್ಲರೂ ಕಮಲಾಬಾಯಿಯ ಕಡೆ ನೋಡಿದರು, ಅವಳ ಸಾರಲ್ಲವೇ ಹೋದದ್ದು.

ಕಮಲಾಬಾಯಿ ಕೈಯಲ್ಲಿದ್ದ ಚೀಲವನ್ನು ಕಟ್ಟೆಯ ಮೇಲಿಟ್ಟಳು. "ಸಾರು ಹೋದರೆ ಹೋಯಿತು. ನೀರು ಹಾಕಿ ಮತ್ತೆ ಕುದಿಸಿದೆವು. ಆದರೆ ನನ್ನ ಹಪ್ಪಳ..." ಎಂದು ಚೀಲದಿಂದ ಒಂದನ್ನು ತೆಗೆದು ಮುರಿದಳು. ಪಟ್ ಎಂದ ಸದ್ದು ಬಾವಿಯೊಳಗೆ ಎರಡು ಸಲ ಮಾರ್ದನಿಸಿತು. "ಇಪ್ಪತ್ತು ವರ್ಷದಲ್ಲಿ ಹೀಗೆ ಒಣಗಿದ್ದಿಲ್ಲ. ಬೀಗರು ಇನ್ನೂರು ಕೊಡಿ ಅಂತ ಕೇಳಿಕೊಂಡು ಹೋದರು." ಜನ ನಕ್ಕರು.

"ಆದರೂ ಬಾವಿಗೆ ನೀರು ಬೇಕಲ್ಲ" ಅಂದಳು ಕಮಲಾಬಾಯಿ. "ಹೋದದ್ದು ನಲವತ್ತೊಂದು. ಇವತ್ತು ಸಂಜೆ ನಾಲ್ಕು ಹೊಡಿ, ನಾಳೆ ನಾಲ್ಕು ಹೊಡಿ. ಹತ್ತು ಹನ್ನೊಂದು ದಿನಕ್ಕೆ ಸರಿಹೋಗುತ್ತೆ."

ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿಬಿಡುತ್ತಿದ್ದೆನೋ ಏನೋ. ಆದರೆ ಗುರುಪಾದಯ್ಯನವರು ಕೋಲೂರಿಕೊಂಡು ಎದ್ದರು.

"ಅಳೆಯದ 'ನಾಲ್ಕು' ಆ ಫೈಲಿಗೆ ಹೋಗಕೂಡದು. ಬರಿಗಾಲಲ್ಲಿ ಹತ್ತಿ, ಜ್ವರದಲ್ಲಿ ಹತ್ತಿ ತಂದ ಅಂಕಿಗಳು ಅವು. ಇವತ್ತು ಬೇಕು ಅಂತ ಒಂದು ಸುಳ್ಳು ತುಂಬಿದರೆ ನಾಳೆ ಮದುವೆಗೆ ಬೇಡ ಅಂತ ಇನ್ನೊಂದು ತುಂಬ್ತೀರಿ. ಆಮೇಲೆ ಯಾವುದು ಮಳೆ, ಯಾವುದು ಆಸೆ?"

ಬಾವಿಯ ರಾಟೆ ಕಿರುಗುಟ್ಟುತ್ತಿತ್ತು. ಆಗ ಗುಂಪಿನ ಹಿಂದಿನಿಂದ ಶಾಂತವೀರಮ್ಮನವರು ಮಾತಾಡಿದರು. ಅವರು ನಾಲ್ಕು ಜನರ ಮುಂದೆ ಬಾಯಿ ತೆರೆದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅಳೆಯದ್ದು ಬೇಡ ಅಂದ್ರೆ ಅಳೆದದ್ದು ಇದೆಯಲ್ಲ. ಮಂಚದ ಕೆಳಗೆ ಟ್ರಂಕಿನ ತುಂಬ. ಮೂವತ್ತೊಂದು ವರ್ಷದಿಂದ ಕಸ ಗುಡಿಸೋವಾಗ ದಿನಾ ನಾನೇ ಜರುಗಿಸ್ತಿದೀನಿ. ಆ ಪಾಯಿಂಟುಗಳೆಲ್ಲ ಇವರು ಅಳೆದವೇ ತಾನೇ? ಊರಿಗೆ ಇನ್ನೂ ಬಿದ್ದಿಲ್ಲ ತಾನೇ?"

ಗುರುಪಾದಯ್ಯನವರು ಹೆಂಡತಿಯನ್ನು ನೋಡಿದ ನೋಟವನ್ನು ನಾನು ಹೇಗೆ ಹೇಳಲಿ. ಮೊದಲ ಸಲ ನೋಡಿದವರಂತಿತ್ತು.

ಟ್ರಂಕು ಹೊರಗೆ ಬಂತು. ಅರವತ್ತೆರಡು ನೋಟ್‌ಬುಕ್ಕು, ಎಲ್ಲದರಲ್ಲೂ ಅದೇ ಗುಂಡಗಿನ ಅಕ್ಷರ. ದಿನಕ್ಕೊಂದರಂತೆ ಹಳೆಯ ತಾರೀಖುಗಳಲ್ಲಿ ಬಿಟ್ಟುಹೋದ ಪಾಯಿಂಟನ್ನು ಸೇರಿಸುತ್ತ ಹೋಗುವುದು ಎಂದು ತೀರ್ಮಾನವಾಯಿತು. ದೊಡ್ಡ ಪಾಯಿಂಟುಗಳನ್ನು ಮೊದಲು ಆರಿಸೋಣ ಎಂದು ಕೆಲವರು ಅಂದರು. ಗುರುಪಾದಯ್ಯನವರು ಒಪ್ಪಲಿಲ್ಲ. "ಸಾಲಾಗಿ ಹೋಗೋಣ. ಮೊದಲು ಬಂದದ್ದು ಮೊದಲು."

ಒಂದು ಭಯ ಮಾತ್ರ ಉಳಿದಿತ್ತು. ಮೊದಲ ಪುಟದಲ್ಲಿ ಇದ್ದದ್ದು ಮೂರು ಪಾಯಿಂಟ್ ನಾಲ್ಕು. ಮೂರು ಏಟು ಆ ಕಾಲದಲ್ಲೇ ಬಿದ್ದಾಗಿದೆ. ಈಗ ಅದನ್ನು ತಿದ್ದಿದರೆ ಬರೀ ಪಾಯಿಂಟ್ ನಾಲ್ಕು ಬೀಳುತ್ತದೋ, ಮೂರೂ ಮತ್ತೆ ಬೀಳುತ್ತವೋ? "ಒಮ್ಮೆ ಬಿದ್ದದ್ದು ಮತ್ತೆ ಬೀಳಲ್ಲ" ಎಂದು ಗುರುಪಾದಯ್ಯನವರು ಹೇಳಿದರು. ಹೇಳುವಾಗ ದನಿಯಲ್ಲಿ ಅಷ್ಟೇನೂ ಗಟ್ಟಿ ಇರಲಿಲ್ಲ. ಜೈತುನ್‌ಬಿ ಅಷ್ಟು ಹೊತ್ತಿಗಾಗಲೇ ಕೊತ್ತಂಬರಿ ಬೀಜವನ್ನು ಚಪ್ಪಲಿಯಡಿ ಉಜ್ಜಿ ಇಬ್ಭಾಗ ಮಾಡಿ ಮಡಿಯ ತುಂಬ ಚೆಲ್ಲಿ ಬಂದಿದ್ದಳು. ಮೂರು ಏಟು ಬಿದ್ದರೆ ಅದೂ ಚರಂಡಿಗೆ.

ಐದೂವರೆಗೆ ಗೋಪುರ ಹತ್ತಿದೆ. ಆ ದಿನದ ಅಳತೆ ಸೊನ್ನೆ, ತುಂಬಿದೆ. ಆಮೇಲೆ ಮೂವತ್ನಾಲ್ಕು ವರ್ಷದ ಹಿಂದಿನ ತಾರೀಖು ಹುಡುಕಿ, ಮೂರು ಪಾಯಿಂಟ್ ಸೊನ್ನೆಯ ಸೊನ್ನೆಯನ್ನು ಅಳಿಸಿ ನಾಲ್ಕು ಒತ್ತಿದೆ. ಖಾನೆ ಅದನ್ನು ಹಿಡಿದುಕೊಂಡಿತು. ಮೂರು ವರ್ಷ ಸೊನ್ನೆಯಾಗಿ ಮಾಯವಾಗುವುದನ್ನೇ ನೋಡಿದ್ದ ನನಗೆ ಆ ಪುಟ್ಟ ನಾಲ್ಕು ಅಲ್ಲಿಯೇ ಕೂತಿರುವುದನ್ನು ನೋಡಿ ಎದ್ದು ಬರಲು ಮನಸ್ಸಾಗಲಿಲ್ಲ. ಆದರೂ ಎದ್ದು, ಮೆಟ್ಟಿಲಿಳಿದು, ಆರಕ್ಕೆ ಎರಡು ನಿಮಿಷ ಇರುವಾಗ ಗುರುಪಾದಯ್ಯನವರ ಜಗಲಿ ತಲುಪಿದೆ.

ಬೀದಿಯ ಉದ್ದಕ್ಕೂ ಜನ ಸೂರಿನ ಕೆಳಗೆ ಗೋಡೆಗೆ ಒತ್ತಿಕೊಂಡು ನಿಂತಿದ್ದರು. ಆರು ಹೊಡೆಯಿತು. ದಬ್ ಅನ್ನಲಿಲ್ಲ. ಹತ್ತು ಎಣಿಸಿದರು, ದಬ್ ಅನ್ನಲಿಲ್ಲ. ಯಾರೋ ಒಬ್ಬರು, "ಯಾರಪ್ಪಾ ಅದು, ನೀರು ಚಿಮುಕಿಸ್ತಿರೋರು?" ಎಂದು ತಾರಸಿಯ ಕಡೆ ಗದರಿದರು. ಆಮೇಲೆ ಎಲ್ಲರಿಗೂ ಕಂಡಿತು. ಚಪ್ಪಡಿ ಕಲ್ಲಿನ ಮೇಲೆ ಸಾಸಿವೆಯಷ್ಟು ಸಾಸಿವೆಯಷ್ಟು ಚುಕ್ಕೆಗಳು ಮೂಡುತ್ತಿದ್ದವು. ಗಾಳಿ ತಂಪಾಯಿತು. ಒಬ್ಬೊಬ್ಬರಾಗಿ ಬೀದಿಗೆ ಇಳಿದರು. ಎಣಿಸಲು ಯಾರಿಗೂ ಏನೂ ಸಿಗಲಿಲ್ಲ. ಜೈತುನ್‌ಬಿ ಮಾತ್ರ ಬಸ್‌ಸ್ಟ್ಯಾಂಡಿನ ಕಡೆಗೆ, ತನ್ನ ಮಡಿಯ ಕಡೆಗೆ, ಓಡುತ್ತಿದ್ದಳು.

ಶಾಂತವೀರಮ್ಮನವರು ಮೆಟ್ಟಿಲಿಳಿದು ಅಂಗಳದ ನಡುವೆ ಹೋಗಿ ನಿಂತರು. ಅಂಗೈ ಚಾಚಿದರು. ತಿರುಗಿಸಿ ಹಿಂಗೈ ನೋಡಿಕೊಂಡರು. ಗುರುಪಾದಯ್ಯನವರು ಬಾಗಿಲ ಚೌಕಟ್ಟು ಹಿಡಿದು ಪರೀಕ್ಷೆಯ ಫಲಿತಾಂಶ ಕಾಯುವವರಂತೆ ನಿಂತಿದ್ದರು.

"ಇಷ್ಟೇನಾ?" ಅಂದರು ಆಕೆ.

"ಇಷ್ಟೇ" ಅಂದರು ಅವರು ಸಣ್ಣ ದನಿಯಲ್ಲಿ.

ಆಕೆ ಒಳಗೆ ಬರಲಿಲ್ಲ. ಸೆರಗನ್ನು ತಲೆಯ ಮೇಲೆ ಎಳೆದುಕೊಳ್ಳಲೂ ಇಲ್ಲ. ಬಿಳಿಗೂದಲಿನ ಮೇಲೆ ಹನಿಗಳು ಒಂದೊಂದಾಗಿ ಕೂತವು. ಮುಖ ಮೇಲೆತ್ತಿ ಕಣ್ಣು ಮುಚ್ಚಿ ಎಷ್ಟೋ ಹೊತ್ತು ನಿಂತರು. ನಾನು ಹೊರಡೋಣ ಎಂದುಕೊಂಡೆ, ಹೊರಡಲಿಲ್ಲ.

"ರೀ, ಇನ್ನೂ ಎಷ್ಟು ಹೊತ್ತು ಇರುತ್ತೆ ಇದು?"

"ಪಾಯಿಂಟ್ ನಾಲ್ಕು ಅಂದ್ರೆ ಇನ್ನೊಂದು ಕಾಲು ಗಂಟೆ."

"ಮತ್ತೆ ಒಳಗೆ ಯಾಕೆ ನಿಂತಿದೀರಿ? ಎರಡು ಕುರ್ಚಿ ತಗೊಂಡು ಬನ್ನಿ."

ಒಂದನ್ನು ಅವರು ತಂದರು, ಇನ್ನೊಂದನ್ನು ನಾನು ತಂದು ಹಾಕಿದೆ. ಇಬ್ಬರೂ ಅಂಗಳದ ನಡುವೆ ಪಕ್ಕಪಕ್ಕ ಕೂತರು. ಸ್ವಲ್ಪ ಹೊತ್ತಾದ ಮೇಲೆ ಶಾಂತವೀರಮ್ಮನವರು, "ನಾಳೇದು ಎಷ್ಟು?" ಎಂದು ಕೇಳಿದರು. ಗುರುಪಾದಯ್ಯನವರು ನೋಟ್‌ಬುಕ್ಕಿಗೆಂದು ಏಳಹೋದರು. ಆಕೆ ತೋಳು ಹಿಡಿದು ಕೂರಿಸಿದರು.

"ಅದನ್ನ ತಂದರೆ ನೆನೆದು ಹೋಗುತ್ತೆ. ಬಾಯಲ್ಲೇ ಹೇಳಿ."

"ಪಾಯಿಂಟ್ ಎಂಟು" ಅಂದರು ಗುರುಪಾದಯ್ಯನವರು, ಒಂದು ಕ್ಷಣವೂ ಯೋಚಿಸದೆ.